ನಿಪ್ಪಾಣಿಯ ಎಲೆಯಲ್ಲಿ ಪೊಲೋನಿಯಂ ಜಾಡು

ನಿಪ್ಪಾಣಿ, ಚಿಕ್ಕೋಡಿ ಕಡೆಯ ಹೊಲಗಳಲ್ಲಿ ಬೀಡಿ ತಂಬಾಕು ತಲೆಮಾರುಗಳಿಂದ ಬೆಳೆದು ಬಂದಿದೆ. ಹಸಿ ಎಲೆ ಮುಟ್ಟಿದವರ ಕೈಗೆ ಅಂಟು ಹತ್ತುತ್ತದೆ. ಎಲೆಯ ಮೇಲಿನ ಸಣ್ಣ ರೋಮಗಳ ತುದಿಯಲ್ಲಿ ಜಿಗುಟು ರಸವಿರುತ್ತದೆ. ಮಣ್ಣಿನಿಂದ ಏಳುವ ರೇಡಾನ್ ಅನಿಲ ಹಂತಹಂತವಾಗಿ ಒಡೆದು ಸೀಸ-210 ಆಗುತ್ತದೆ, ಅದು ಗಾಳಿಯ ಧೂಳಿನೊಡನೆ ಬಂದು ಈ ರೋಮಗಳಿಗೆ ಹತ್ತಿಕೊಳ್ಳುತ್ತದೆ. ರಂಜಕದ ಗೊಬ್ಬರದಲ್ಲಿರುವ ರೇಡಿಯಂನಿಂದಲೂ ಒಂದು ಪಾಲು ಬರುತ್ತದೆ. ಸೀಸ-210 ಮುಂದೆ ಪೊಲೋನಿಯಂ-210 ಆಗಿ ಮಾರ್ಪಡುತ್ತದೆ. ಉರಿಯುವ ತುದಿಯ ಬಿಸಿಗೆ ಅದು ಆವಿಯಾಗಿ ಹೊಗೆ ಸೇರುವುದನ್ನು 1964ರಲ್ಲಿ ಅಮೆರಿಕದ ರ‍್ಯಾಡ್‌ಫೋರ್ಡ್ ಮತ್ತು ಹಂಟ್ ಸಿಗರೇಟಿನಲ್ಲಿ ತೋರಿಸಿಕೊಟ್ಟರು. ತಂಬಾಕಿನ ಹೊಗೆಯಲ್ಲಿ ಕ್ಯಾನ್ಸರ್ ತರುವ ವಸ್ತುಗಳು ಬಹಳ, ಪೊಲೋನಿಯಂ ಅವುಗಳಲ್ಲಿ ಒಂದು. ವಿಕಿರಣ ವಸ್ತುಗಳ ಪತ್ತೆ ಹೇಗೆ ಬೆಳೆಯಿತೆಂದು ತಿಳಿಯಲು ನಮ್ಮ ಸೀಮೆಯವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

1896ರಲ್ಲಿ ಬೆಕೆರೆಲ್ ಕೈಗೆ ಸಿಕ್ಕ ಮೊದಲ ಸಾಕ್ಷಿ, ಯುರೇನಿಯಂ ಲವಣದಿಂದ ಕಪ್ಪಾದ ಛಾಯಾಚಿತ್ರದ ಫಲಕ. ಎಷ್ಟಿದೆ ಎಂದು ಅಳೆದವರು ಕ್ಯೂರಿ ದಂಪತಿ. ವಿಕಿರಣ ತಾಗಿದ ಗಾಳಿಯಲ್ಲಿ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ಅಳೆಯುತ್ತ, ಅದಿರನ್ನು ಆಮ್ಲದಲ್ಲಿ ಕರಗಿಸಿ ಭಾಗ ಮಾಡುತ್ತ, ವಿಕಿರಣ ಯಾವ ಭಾಗಕ್ಕೆ ಹೋಯಿತೆಂದು ಬೆನ್ನುಹತ್ತಿದರು. ಬಿಸ್ಮತ್ ಜೊತೆಗೆ ಬಂದ ಭಾಗದಲ್ಲಿ ಹೊಸ ಧಾತುವಿದೆ ಎಂದು 1898ರ ಜುಲೈನಲ್ಲಿ ಸಾರಿದರು. ಅದೇ ಪೊಲೋನಿಯಂ.

1908ರಲ್ಲಿ ರುದರ್‌ಫೋರ್ಡ್ ಮತ್ತು ಗೈಗರ್ ಕಣಗಳನ್ನು ಒಂದೊಂದಾಗಿ ಎಣಿಸಿದರು. 1928ರಲ್ಲಿ ಗೈಗರ್-ಮ್ಯುಲರ್ ನಳಿಗೆ ಬಂತು. ಅದರ ಟಿಕ್‌ಟಿಕ್ ಸದ್ದು ಜನಪ್ರಿಯವಾಯಿತು, ಆದರೆ ಹೊಮ್ಮುತ್ತಿರುವುದು ಯಾವ ವಸ್ತುವಿನಿಂದ ಎಂಬುದನ್ನು ಆ ಸದ್ದು ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ ದೊಡ್ಡ ತಿರುವು 1948ರದು. ಹಾಫ್‌ಸ್ಟಾಟರ್ ರೂಪಿಸಿದ ಸೋಡಿಯಂ ಅಯೊಡೈಡ್ ಹರಳಿನಲ್ಲಿ ಗಾಮಾ ಕಿರಣ ಬಿದ್ದಾಗ ಮಿನುಗುವ ಬೆಳಕು ಕಿರಣದ ಶಕ್ತಿಗೆ ತಕ್ಕಷ್ಟಿರುತ್ತದೆ. ಶಕ್ತಿ ತಿಳಿದರೆ ವಸ್ತುವಿನ ಗುರುತು ಸಿಕ್ಕಿತು. ಬೆಟ್ಟಗುಡ್ಡಗಳಲ್ಲಿ ಯುರೇನಿಯಂ ಹುಡುಕುವವರಿಗೆ ಇಂಥ ಮಾಪಕಗಳೇ ಆಸರೆ. ನಮ್ಮ ಬೆಳಗಾವಿ ಜಿಲ್ಲೆಯ ದೇಶನೂರಿನ ಮರಳುಗಲ್ಲಿನಲ್ಲಿಯೂ ಪರಮಾಣು ಖನಿಜ ನಿರ್ದೇಶನಾಲಯ ಯುರೇನಿಯಂ ಗುರುತಿಸಿದೆ. 1960ರ ದಶಕದ ಜರ್ಮೇನಿಯಂ ಪತ್ತೆಕಾರಕಗಳು ಇನ್ನೂ ಸೂಕ್ಷ್ಮ. ತಂಬಾಕಿನ ಸೀಸ-210 ಬಿಡುವ 46.5 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ದುರ್ಬಲ ಗಾಮಾವನ್ನೂ ಅವು ಹಿಡಿಯಬಲ್ಲವು.

ಪೊಲೋನಿಯಂ ಮಾತ್ರ ಸುಲಭವಾಗಿ ಸಿಗುವುದಿಲ್ಲ. ಅದರ ಆಲ್ಫಾ ಕಣ ಗಾಳಿಯಲ್ಲಿ ನಾಲ್ಕು ಸೆಂಟಿಮೀಟರ್ ಕೂಡ ದಾಟದು, ಒಂದು ಹಾಳೆ ಸಾಕು ತಡೆಯಲು. ಗಾಮಾ ಹೊಮ್ಮುವುದು ಲಕ್ಷ ವಿಘಟನೆಗೆ ಒಮ್ಮೆ. 2006ರಲ್ಲಿ ಲಂಡನ್ನಿನಲ್ಲಿ ರಷ್ಯಾದ ಮಾಜಿ ಗುಪ್ತಚರ ಅಧಿಕಾರಿ ಅಲೆಕ್ಸಾಂಡರ್ ಲಿಟ್ವಿನೆಂಕೊ ಇದೇ ವಿಷದಿಂದ ಸಾಯುತ್ತಿದ್ದಾಗ ವೈದ್ಯರು ಮೊದಲು ಥ್ಯಾಲಿಯಂ ಎಂದು ಶಂಕಿಸಿದ್ದರು. ಗಾಮಾ ರೋಹಿತದಲ್ಲಿ 803 ಕಿಲೋ ಎಲೆಕ್ಟ್ರಾನ್‌ವೋಲ್ಟಿನಲ್ಲಿ ಕಂಡ ಒಂದು ಸಣ್ಣ ಗೆರೆ ಸುಳಿವು ಕೊಟ್ಟಿತು.

ತಂಬಾಕಿನಲ್ಲಿ ಇರುವುದು ಅದಕ್ಕಿಂತ ತೀರ ಅಲ್ಪ: ಒಂದು ಗ್ರಾಮಿನಲ್ಲಿ ನಿಮಿಷಕ್ಕೆ ಒಂದರ ಆಸುಪಾಸು ವಿಘಟನೆ. ಹಾಗಾಗಿ ಪ್ರಯೋಗಾಲಯ ಕ್ಯೂರಿಯ ದಾರಿಗೇ ಮರಳುತ್ತದೆ. ಎಲೆಪುಡಿಗೆ ಲೆಕ್ಕ ಗೊತ್ತಿರುವಷ್ಟು ಪೊಲೋನಿಯಂ-209 ಬೆರೆಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಬಳಿಕ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೆಳ್ಳಿಯ ಬಿಲ್ಲೆ ಇಟ್ಟರೆ ಪೊಲೋನಿಯಂ ತಾನಾಗಿ ಅದರ ಮೇಲೆ ಕೂರುತ್ತದೆ. ಆ ಬಿಲ್ಲೆಯನ್ನು ನಿರ್ವಾತದಲ್ಲಿ ಸಿಲಿಕಾನ್ ಪತ್ತೆಕಾರಕದ ಎದುರು ಗಂಟೆಗಟ್ಟಲೆ ಇಟ್ಟು 5.3 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟಿನ ಕಣಗಳನ್ನು ಎಣಿಸುತ್ತಾರೆ. ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಉಳ್ಳಾಲದ ಕಡಲತೀರದಲ್ಲಿ ನೈಸರ್ಗಿಕ ವಿಕಿರಣ ಹೆಚ್ಚಿರುವುದನ್ನು 1993ರಲ್ಲಿ ಪ್ರಕಟಿಸಿದ ಮಂಗಳೂರು ವಿಶ್ವವಿದ್ಯಾಲಯದ ಕೆ. ಸಿದ್ದಪ್ಪನವರ ಬಳಗವೇ ಕೈಗಾ ಅಣುವಿದ್ಯುತ್ ಸ್ಥಾವರದ ಸುತ್ತಲಿನ ಪರಿಸರದಲ್ಲಿ ಪೊಲೋನಿಯಂ ಅಳೆದು 2000ದಲ್ಲಿ ವರದಿ ಕೊಟ್ಟಿತು.

ಎಲ್ಲಕ್ಕೂ ಒಂದೇ ಮಾಪಕ ಸಾಲದೆಂಬುದನ್ನು ಅದೇ ಕೈಗಾ ತೋರಿಸಿತು. 2009ರ ನವೆಂಬರ್‌ನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರ್ ಸೇರಿದ್ದ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್, ನೌಕರರ ಮೂತ್ರ ಪರೀಕ್ಷೆಯಲ್ಲಿ ಬಯಲಾಯಿತು. ಅದರ ಬೀಟಾ ಕಣ ಗೈಗರ್ ನಳಿಗೆಯ ಗೋಡೆಯನ್ನೇ ದಾಟದು.

ನಿಪ್ಪಾಣಿಯ ಎಲೆಯನ್ನು ಕ್ರಮವಾಗಿ, ವರ್ಷವರ್ಷವೂ ಅಳೆಯಬೇಕೆಂಬುದು ನನ್ನ ಒತ್ತಾಯ. ಆಗ ವಖಾರಿಯ ಲೆಕ್ಕವನ್ನೂ ಹಿಡಿಯಬೇಕಾಗುತ್ತದೆ. ಪೊಲೋನಿಯಂ-210ರ ಅರ್ಧಾಯುಷ್ಯ 138 ದಿನ, ಅದನ್ನು ಹುಟ್ಟಿಸುವ ಸೀಸ-210ರದು ಸುಮಾರು 22 ವರ್ಷ. ಕೊಯ್ದ ಎಲೆ ಚೀಲದಲ್ಲಿ ಕೂತಷ್ಟು ಕಾಲ ಪೊಲೋನಿಯಂ ಏರುತ್ತ ಹೋಗಿ, ಸುಮಾರು ಎರಡು ವರ್ಷದಲ್ಲಿ ಸೀಸಕ್ಕೆ ಸರಿಸಮನಾಗಿ ನಿಲ್ಲುತ್ತದೆ. ಆದ್ದರಿಂದ ವರದಿಯ ಪ್ರತಿ ಅಂಕಿಯ ಜೊತೆ ಎರಡು ತಾರೀಖು ಇರಬೇಕು: ಎಲೆ ಕೊಯ್ದದ್ದು, ಬಿಲ್ಲೆ ಎಣಿಸಿದ್ದು.