ರೋಗಿಯ ಗುಟ್ಟು ಯಾರ ಸೊತ್ತು?

ರೋಗಿಯ ಮನೆಗೆ ಹೋಗುವ ವೈದ್ಯ ಆ ಮನೆಯವರಿಗೆ ಗೊತ್ತಿರುವವರ ಜೊತೆಗೇ ಒಳಗೆ ಕಾಲಿಡಬೇಕು, ಅಲ್ಲಿ ಕಂಡುಕೇಳಿದ ಮನೆವಾರ್ತೆಯನ್ನು ಹೊರಗೆ ಆಡಬಾರದು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಗುರು ಶಿಷ್ಯನಿಗೆ ಅಗ್ನಿಸಾಕ್ಷಿಯಾಗಿ ವಿಧಿಸುವ ಕಟ್ಟಳೆಗಳಲ್ಲಿ ಇದೂ ಒಂದು. ಗ್ರೀಸಿನ ಹಿಪೊಕ್ರೆಟಿಸ್ ಹೆಸರಿನ ಪ್ರತಿಜ್ಞೆಯಲ್ಲೂ ಇಂಥದೇ ಮಾತಿದೆ. ವೈದ್ಯ ಮಾತಿಗೆ ತಪ್ಪಿದರೆ ರೋಗಿ ಯಾರಲ್ಲಿ ದೂರಬೇಕು? ಅದನ್ನು ಎರಡೂ ಹೇಳುವುದಿಲ್ಲ.

ಸ್ವತಂತ್ರ ಭಾರತದಲ್ಲಿ ಈ ಗುಟ್ಟಿಗೆ ಕಾನೂನಿನ ಬೀಗ ಬಿದ್ದದ್ದು ತುಂಡು ತುಂಡಾಗಿ. 1971ರ ಗರ್ಭಪಾತ ಕಾಯ್ದೆಯಡಿ ಬಂದ ನಿಯಮಗಳು ದಾಖಲಾತಿ ರಿಜಿಸ್ಟರನ್ನು ರಹಸ್ಯ ದಾಖಲೆಯೆಂದು ಕರೆದವು. ಕೇಸ್ ಶೀಟಿನಲ್ಲಾಗಲಿ ಆಪರೇಷನ್ ಥಿಯೇಟರಿನ ಪುಸ್ತಕದಲ್ಲಾಗಲಿ ಹೆಂಗಸಿನ ಹೆಸರು ಬರೆಯುವಂತಿಲ್ಲ, ಕ್ರಮಸಂಖ್ಯೆ ಮಾತ್ರ.

ದೊಡ್ಡ ಜಗಳ ನಡೆದದ್ದು ಎಚ್‌ಐವಿಯ ಕಾಲದಲ್ಲಿ. ನಾಗಾಲ್ಯಾಂಡಿನ ಸರ್ಕಾರಿ ವೈದ್ಯರೊಬ್ಬರು 1995ರಲ್ಲಿ ಚೆನ್ನೈನ ಆಸ್ಪತ್ರೆಯೊಂದರಲ್ಲಿ ರಕ್ತ ಕೊಟ್ಟರು. ಪರೀಕ್ಷೆಯಲ್ಲಿ ಸೋಂಕು ಕಂಡಿತು, ಸುದ್ದಿ ಹೊರಬಿತ್ತು, ಗೊತ್ತಾಗಿದ್ದ ಮದುವೆ ಮುರಿಯಿತು. ಅವರು ಊರನ್ನೇ ಬಿಡಬೇಕಾಯಿತು. 1998ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪಿತ್ತಿತು: ಗೋಪ್ಯತೆಯ ಹಕ್ಕು ಇದೆ, ಆದರೆ ಮದುವೆಯಾಗಲಿರುವ ಹೆಣ್ಣಿನ ಜೀವದ ಹಕ್ಕು ಅದಕ್ಕಿಂತ ದೊಡ್ಡದು. ಸೋಂಕಿತರ ಮದುವೆಯ ಹಕ್ಕಿನ ಬಗ್ಗೆ ಅದೇ ತೀರ್ಪು ಆಡಿದ್ದ ಮಾತುಗಳು ಅನಗತ್ಯವಾಗಿದ್ದವೆಂದು ಅದೇ ನ್ಯಾಯಾಲಯ 2002ರಲ್ಲಿ ಹೇಳಿತು.

ಅದೇ 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿ ವಿನಾಯಿತಿಗಳನ್ನು ಮೂರಕ್ಕೆ ಕಟ್ಟಿಹಾಕಿತು: ನ್ಯಾಯಾಧೀಶರ ಆದೇಶ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ.

ಮುಂದಿನ ತಿರುವಿಗೆ ಕಾರಣರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅವರು ಹೂಡಿದ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅದೇ ವರ್ಷದ ಎಚ್‌ಐವಿ ಕಾಯ್ದೆ, ದೂರು ಕೇಳಲು ರಾಜ್ಯಗಳು ಓಂಬುಡ್ಸ್‌ಮನ್ ನೇಮಿಸಬೇಕೆಂದಿತು. ಮಾನಸಿಕ ಆರೋಗ್ಯ ಕಾಯ್ದೆಯೂ ರೋಗಿಯ ಗೋಪ್ಯತೆಯನ್ನು ಹಕ್ಕೆಂದೇ ಬರೆಯಿತು.

ಮೂರು ವರ್ಷವೂ ಕಳೆದಿರಲಿಲ್ಲ. 2020ರ ಮಾರ್ಚ್‌ನಲ್ಲಿ, ಕೋವಿಡ್ ಭೀತಿಯ ನಡುವೆ, ಪುಟ್ಟಸ್ವಾಮಿಯವರ ರಾಜ್ಯದ ಸರ್ಕಾರವೇ ಮನೆಯಲ್ಲಿ ಕ್ವಾರಂಟೈನ್ ಆದವರ ವಿಳಾಸಗಳನ್ನು ಜಿಲ್ಲಾವಾರು ಪ್ರಕಟಿಸಿತು, ಪ್ರಯಾಣಿಕರ ಕೈಗೆ ಮುದ್ರೆ ಒತ್ತಿತು. ಪಟ್ಟಿಗಳು ವಾಟ್ಸಾಪಿನಲ್ಲಿ ಹರಿದಾಡಿದವು. ಭಯದ ಹೊತ್ತಿನಲ್ಲಿ ಹಕ್ಕು ಮೊದಲು ಸಡಿಲವಾದದ್ದು ಸರ್ಕಾರದ ಕೈಯಲ್ಲೇ.

ಕಾನೂನು ಮಾತ್ರ ಬಿಗಿಯಾಗುತ್ತಲೇ ಹೋಯಿತು. 2021ರ ತಿದ್ದುಪಡಿಯ ಪ್ರಕಾರ, ಗರ್ಭಪಾತ ಮಾಡಿಸಿಕೊಂಡವರ ಹೆಸರನ್ನು ಅಧಿಕಾರವಿಲ್ಲದವರಿಗೆ ಬಿಟ್ಟುಕೊಡುವ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.