ಕರಟದ ಕೆಂಡ, ಕುಕ್ಕರಿನ ಕೂಗು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂದರೆ ಎಲ್ಲರಿಗೂ ಕೊಬ್ಬರಿ ನೆನಪಾಗುತ್ತೆ. ಅದೇ ತೆಂಗಿನ ಕರಟದ ಕೆಂಡದಲ್ಲಿ ನಮ್ಮವ್ವಂದಿರು ಸುಟ್ಟ ದನದ ಬಾಡು ಯಾವ ಚರಿತ್ರೆಗೂ ಸೇರಲಿಲ್ಲ.

ಸತ್ತ ದನ ಹೊರುವುದು ನಮಗೆ ಕಟ್ಟಿದ ಬಿಟ್ಟಿ ಚಾಕರಿ. ತಿಂದು ಮುಗಿಯದ ಬಾಡನ್ನು ಉದ್ದುದ್ದ ಸೀಳಿ, ಉಪ್ಪು ಸವರಿ, ಹಗ್ಗಕ್ಕೆ ಹಾಕಿ ಒಣಗಿಸಿದರೆ ಕೊರಬಾಡು. ಅದನ್ನು ಕೆಂಡದಲ್ಲಿ ಸುಟ್ಟು, ಜಜ್ಜಿ, ಎಳೆ ಬಿಡಿಸಿ ಸಾರಿಗೆ ಹಾಕ್ತಿದ್ದರು. ಹಸಿವು ಕಲಿಸಿದ ವಿದ್ಯೆ ಅದು.

ಸತ್ತದ್ದನ್ನು ತಿನ್ನುವುದು ಬಿಡಿ ಎಂದು 1927ರಲ್ಲಿ ಮಹಾಡಿನಲ್ಲಿ ಅಂಬೇಡ್ಕರರು ಹೇಳಿದರು. ಬಿಟ್ಟಿ ಬಿಟ್ಟೆವು, ಬಾಡನ್ನು ದುಡಿದ ದುಡ್ಡಿಗೆ ತಂದೆವು.

ಆಮೇಲೆ ಕುಕ್ಕರ್ ಬಂತು. ಅದರೊಳಗಿನ ಹಬೆ 120 ಡಿಗ್ರಿ ಆಸುಪಾಸು. ಬಾಡು ಎಳೆಎಳೆಯಾಗುತ್ತೆ, ಸುಟ್ಟ ಘಮಲು ಬರೋಲ್ಲ. ಅದಕ್ಕೇ ಮೊದಲು ಬಾಣಲೆಯಲ್ಲಿ ಕೆಂಪಗೆ ಹುರೀಬೇಕು. ಹುರಿದರೆ ರಸ ಒಳಗೇ ನಿಲ್ಲುತ್ತೆ ಅಂತ 1847ರಲ್ಲಿ ಜರ್ಮನಿಯ ವಿಜ್ಞಾನಿ ಲೀಬಿಗ್ ಹೇಳಿದ್ದು ಸುಳ್ಳಾಯಿತು. ಘಮಲಿಗಾಗಿ ಸುಡೋದು ಅಂತ ಅವ್ವಂದಿರಿಗೆ ಗೊತ್ತಿತ್ತು.

1964ರ ಕಾಯ್ದೆ 12 ವರ್ಷ ದಾಟಿದ ಎತ್ತಿಗೆ ಅವಕಾಶ ಇಟ್ಟಿತ್ತು. 2020ರ ಕಾಯ್ದೆ ಅದನ್ನೂ ಕಿತ್ತುಕೊಂಡು, 13 ವರ್ಷ ದಾಟಿದ ಎಮ್ಮೆ-ಕೋಣವನ್ನಷ್ಟೇ ಬಿಟ್ಟಿತು. ಸತ್ತ ದನ ಹೊರಿಸಿದ ಊರೇ ನಮ್ಮ ತಟ್ಟೆಗೂ ಕೈ ಹಾಕಿತು. ಘಮಲಿಗೆ ಹೆದರಿ ಬಾಗಿಲು ಹಾಕೋದು ಬೇಡ. ನಮ್ಮ ಒಲೆಯ ಚರಿತ್ರೆಯನ್ನು ನಾವೇ ಬರೀಬೇಕು.