ಕೋಡಿನ ಮ್ಯುಟೇಶನ್ ವಹಿ: ಗಿಟ್ ಹುಟ್ಟಿದ ಕತೆ

ಪಹಣಿಯಲ್ಲಿ ಹೆಸರು ಬದಲಾದರೆ ಹಳೇ ಹೆಸರನ್ನು ಸುಮ್ಮನೆ ಅಳಿಸಿಬಿಡುವುದಿಲ್ಲ. ಯಾರಿಂದ ಯಾರಿಗೆ, ಯಾವಾಗ, ಯಾಕೆ ಎಂದು ಮ್ಯುಟೇಶನ್ ವಹಿಯಲ್ಲಿ ನಮೂದಾಗುತ್ತದೆ. ಪ್ರೋಗ್ರಾಂ ಬರೆಯುವವರಿಗೂ ಇಂಥದೊಂದು ವಹಿ ಬೇಕು. ಇವತ್ತು ಅವರಲ್ಲಿ ಹೆಚ್ಚಿನವರು ಬಳಸುವ ವಹಿಯ ಹೆಸರು ಗಿಟ್.

ಈ ಯೋಚನೆ ಹಳೆಯದು. 1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ಎಸ್‌ಸಿಸಿಎಸ್ ಎಂಬ ವ್ಯವಸ್ಥೆ ಮಾಡಿದರು. ಆಮೇಲೆ ಆರ್‌ಸಿಎಸ್, ಸಿವಿಎಸ್, ಸಬ್‌ವರ್ಷನ್ ಬಂದವು. ಸಿವಿಎಸ್, ಸಬ್‌ವರ್ಷನ್‌ಗಳಲ್ಲಿ ಪೂರ್ತಿ ವಹಿ ಇರುತ್ತಿದ್ದುದು ಒಂದೇ ಸರ್ವರ್‌ನಲ್ಲಿ. ಅದು ಕೆಟ್ಟರೆ ಎಲ್ಲರ ಕೆಲಸವೂ ನಿಂತಂತೆ.

ನಮ್ಮ ಆಂಡ್ರಾಯ್ಡ್ ಫೋನುಗಳ ಬುಡದಲ್ಲಿರುವುದು ಲಿನಕ್ಸ್. ಅದನ್ನು ಬರೆಯುವವರು 2002ರಿಂದ ಬಿಟ್‌ಕೀಪರ್ ಎಂಬ ಕಂಪನಿಯ ತಂತ್ರಾಂಶ ಬಳಸುತ್ತಿದ್ದರು. ಅವರಿಗೆ ಪುಕ್ಕಟೆ, ಆದರೆ ಷರತ್ತುಗಳಿದ್ದವು. 2005ರಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ಆಸ್ಟ್ರೇಲಿಯಾದ ಪ್ರೋಗ್ರಾಮರ್, ಬಿಟ್‌ಕೀಪರ್ ಜೊತೆ ಮಾತಾಡಬಲ್ಲ ಬೇರೊಂದು ಸಾಧನ ಮಾಡಲು ಹೊರಟರು. ಕಂಪನಿ ಪುಕ್ಕಟೆ ಸೌಲಭ್ಯವನ್ನು ವಾಪಸ್ ಪಡೆಯಿತು.

ಲಿನಕ್ಸ್ ಶುರು ಮಾಡಿದ ಲೈನಸ್ ಟೊರ್ವಾಲ್ಡ್ಸ್ ಏಪ್ರಿಲ್ 3ರಂದು ಹೊಸದನ್ನು ಬರೆಯಲು ಕೂತರು. ಏಪ್ರಿಲ್ 7ಕ್ಕೆ ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಡುವಷ್ಟು ಕೆಲಸ ಆಗಿತ್ತು. ಜುಲೈನಲ್ಲಿ ಹೊಣೆಯನ್ನು ಜುನಿಯೊ ಹಮಾನೊ ಅವರಿಗೆ ಒಪ್ಪಿಸಿದರು.

ಗಿಟ್‌ನಲ್ಲಿ ಪ್ರತಿ ನಮೂದಿಗೂ ಒಂದು ಗುರುತಿನ ಸಂಖ್ಯೆ ಇದೆ. ಆ ನಮೂದಿನ ವಿಷಯ ಮತ್ತು ಹಿಂದಿನ ನಮೂದಿನ ಸಂಖ್ಯೆ ಎರಡೂ ಸೇರಿ ಅದು ಹುಟ್ಟುತ್ತದೆ. ಹಳೆಯದರಲ್ಲಿ ಒಂದಕ್ಷರ ತಿದ್ದಿದರೂ ಮುಂದಿನ ಸಂಖ್ಯೆಗಳೆಲ್ಲ ಬದಲಾಗಿ ತಿದ್ದಿದ್ದು ಗೊತ್ತಾಗುತ್ತದೆ. ಸಾಮಾನ್ಯವಾಗಿ ಪ್ರತಿಯೊಬ್ಬರ ಬಳಿಯೂ ಪೂರ್ತಿ ವಹಿ ಇರುತ್ತದೆ.

ಕಲಿಯುವುದು ಕಷ್ಟವಲ್ಲ. ಟರ್ಮಕ್ಸ್ ಆ್ಯಪ್ ಇದ್ದರೆ ಫೋನಿನಲ್ಲೇ 'ಪಿಕೆಜಿ ಇನ್‌ಸ್ಟಾಲ್ ಗಿಟ್' ಎಂದು ಹಾಕಿಕೊಳ್ಳಬಹುದು. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ. ಮೊದಲು 'ಗಿಟ್ ಕಾನ್ಫಿಗ್' ಮೂಲಕ ನಿಮ್ಮ ಹೆಸರು, ಇಮೇಲ್ ಕೊಡಬೇಕು. ಆಮೇಲೆ:

'ಗಿಟ್ ಇನಿಟ್' ಅಂದರೆ ಫೋಲ್ಡರಿನಲ್ಲಿ ಹೊಸ ವಹಿ ತೆರೆಯುತ್ತದೆ.
'ಗಿಟ್ ಆ್ಯಡ್' ಮುಂದೆ ಫೈಲಿನ ಹೆಸರು ಬರೆದರೆ ಆ ಬದಲಾವಣೆ ನಮೂದಿಗೆ ಸಿದ್ಧ.
'ಗಿಟ್ ಕಮಿಟ್' ನಮೂದು ಮಾಡುತ್ತದೆ. ಯಾಕೆ ಬದಲಿಸಿದಿರಿ ಎಂದು ಒಂದು ಸಾಲು ಬರೆಯಬೇಕು.
'ಗಿಟ್ ಸ್ಟೇಟಸ್' ಏನು ಬಾಕಿ ಎಂದು ಹೇಳುತ್ತದೆ.
'ಗಿಟ್ ಲಾಗ್' ಹಳೇ ನಮೂದುಗಳನ್ನೆಲ್ಲ ತೋರಿಸುತ್ತದೆ.

ಇವಿಷ್ಟಕ್ಕೆ ನೆಟ್‌ವರ್ಕ್ ಕೂಡ ಬೇಡ.

ಈ ಕತೆಯಲ್ಲಿ ನಮಗೆ ಕಾಣುವುದು ಇಷ್ಟು: ಸಾವಿರಾರು ಜನರ ದುಡಿಮೆಯ ಲೆಕ್ಕ ಇನ್ನೊಬ್ಬರ ಪೆಟ್ಟಿಗೆಯಲ್ಲಿದ್ದರೆ, ಬೀಗದ ಕೈ ಯಾವತ್ತೂ ಅವರದೇ. ಸಹಕಾರ ಸಂಘವಾಗಲಿ ಸ್ವಸಹಾಯ ಗುಂಪಾಗಲಿ, ಲೆಕ್ಕವನ್ನು ಯಾವುದೋ ಆ್ಯಪಿಗೆ ಹಾಕುವ ಮೊದಲು ಒಂದು ಮಾತು ಕೇಳಿ: ನಾಳೆ ಅವರು ಬಾಗಿಲು ಮುಚ್ಚಿದರೆ ಪೂರ್ತಿ ಪ್ರತಿ ನಮ್ಮ ಕೈಲಿ ಉಳಿಯುತ್ತದೆಯೇ?